ಕೊಂಬಿಗೆ ಹೋದ ಬಣ್ಣ

ತಾಂಡೂರಿನಿಂದ ಶಾಮಲಾ ಫೋನ್ ಮಾಡಿದಾಗ ನಾನು ಜಹೀರಾಬಾದಿನ ನಮ್ಮ ಮನೆಯ ಅಂಗಳದಲ್ಲಿ ಬೇಳೆ ಕೇರುತ್ತಾ ಕೂತಿದ್ದೆ. ಆಕೆ ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ಮೊರ ಕೆಳಗಿಟ್ಟು ಕೇಳಿದೆ. ಮಳೆ ಬೆಳೆ, ಮಕ್ಕಳು ಮರಿ ಎಲ್ಲ ವಿಚಾರಿಸಿ ಆದ ಮೇಲೆ ಗಂಡನ ಕಣ್ಣಿನ ಸುದ್ದಿ ಹೇಳಿದಳು. ತುಳಸಿರಾಮಣ್ಣನಿಗೆ ಕಾಲಾ ಮೋತಿಯಾ, ಅಂದರೆ ಗ್ಲಾಕೋಮಾ ಆಗಿದೆಯಂತೆ. ಬಲಗಣ್ಣು ಆಗಲೇ ಹೋಗಿದೆ. ಎಡಗಣ್ಣಿಗೆ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತದೆ, ಅದೂ ನಡುಹಗಲ ಬಿಸಿಲಿದ್ದರೆ ಮಾತ್ರ. ಹೋದ ನೋಟ ತಿರುಗಿ ಬರುವುದಿಲ್ಲ, ಇದ್ದುದನ್ನು ಹನಿಮದ್ದು ಹಾಕಿ ಹಿಡಿದಿಡಬೇಕು, ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದಾರೆ.

“ಮಾಸ್ತರಿಗೆ ನೀವೇ ಹೇಳ್ರಿ ಅಕ್ಕಾ,” ಎಂದಳು. “ನಾ ಹೇಳಿದ್ರ ಅವ್ರು ಫೋನಿನ್ಯಾಗೇ ಅಳ್ತಾರ. ಅದನ್ನ ಕೇಳಿ ಇವ್ರು ನನಗ ಬೈತಾರ.”

ಮಾಸ್ತರು ಎಂದರೆ ನನ್ನ ತಮ್ಮ ಉಮಾಕಾಂತ. ನಾರಾಯಣಖೇಡದಲ್ಲಿರುತ್ತಾನೆ. ಚಿತ್ರಕಲೆ ಮಾಸ್ತರನಾಗಿದ್ದು ನಿವೃತ್ತಿಯಾದವನು. ಅವನು ಇವತ್ತು ನಮ್ಮ ನಡುವೆ ಉಸಿರಾಡುತ್ತಿರುವುದು ತುಳಸಿರಾಮಣ್ಣನಿಂದ. ಇದನ್ನು ನಮ್ಮ ಮನೆಯಲ್ಲಿ ಸಣ್ಣ ಮಕ್ಕಳೂ ಬಲ್ಲರು.

ಆಗ ಉಮಾಕಾಂತನಿಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ತಾಂಡೂರಿನಲ್ಲಿ ಖೋಲಿ ಹಿಡಿದು, ಕರಣಕೋಟದ ಕಡೆಯ ಶಾಲೆಗೆ ಸೈಕಲ್ಲಿನ ಮೇಲೆ ಹೋಗಿಬರುತ್ತಿದ್ದ. ಒಂದು ಸಂಜೆ ಯಾವುದೋ ಗಾಡಿ ಅವನನ್ನು ಒಗೆದು ಹೋಯಿತು. ರಸ್ತೆಯ ಬದಿ ರಕ್ತದಲ್ಲಿ ಬಿದ್ದವನನ್ನು ಜನ ನೋಡಿದರು, ಪೊಲೀಸರ ಭಯಕ್ಕೆ ಯಾರೂ ಮುಟ್ಟಲಿಲ್ಲ. ಗಣಿಯಿಂದ ಬಂಡೆ ಹೇರಿಕೊಂಡು ಬರುತ್ತಿದ್ದ ತುಳಸಿರಾಮಣ್ಣ ತನ್ನ ಲಾರಿ ನಿಲ್ಲಿಸಿದ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಎತ್ತಿ ಕ್ಯಾಬಿನ್ನಿನಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದ. ತನ್ನದೇ ರಕ್ತ ಕೊಟ್ಟ. ನಾವು ಹೋಗಿ ಮುಟ್ಟುವ ತನಕ ಬಾಗಿಲ ಹೊರಗೆ ಕೂತೇ ಇದ್ದ. ಬಂಡೆ ಕಾಯುತ್ತಿದ್ದ ಸಾಹುಕಾರ ಅಲ್ಲಿಗೇ ಬಂದು ಕೂಗಾಡಿ ಹೋದನಂತೆ. ಅದನ್ನು ಅಣ್ಣ ನಮಗೆ ಹೇಳಲಿಲ್ಲ, ನರ್ಸಮ್ಮ ಹೇಳಿದಳು.

ತಮ್ಮ ಎದ್ದು ಓಡಾಡುವಂತಾದಾಗ ನಮ್ಮವ್ವ ತುಳಸಿರಾಮಣ್ಣನನ್ನು ಊರಿಗೆ ಕರೆಸಿದಳು. ನಾವು ಲಿಂಗ ಕಟ್ಟಿಕೊಂಡವರು, ಅವರು ಬುದ್ಧನ ಪಟ ಇಟ್ಟುಕೊಂಡವರು. ಆ ದಿನಗಳಲ್ಲಿ ನಮ್ಮ ಮಂದಿ ಅವರ ಮಂದಿಯನ್ನು ಪಡಸಾಲೆ ದಾಟಿ ಒಳಗೆ ಬಿಡುತ್ತಿರಲಿಲ್ಲ. ಅವ್ವ ಯಾರನ್ನೂ ಕೇಳಲಿಲ್ಲ. ಅಡುಗೆಮನೆಯಲ್ಲಿ ಉಮಾಕಾಂತನ ಪಕ್ಕದಲ್ಲೇ ಕೂರಿಸಿ ಹೋಳಿಗೆ ಬಡಿಸಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಪ್ಪನಿಗೆ, “ನಿಂದ್ರಬ್ಯಾಡ್ರಿ ಮಾವಾ, ನೀವೂ ಕೂಡ್ರಿ, ಮಕ್ಕಳ ಸಾಲಿನ್ಯಾಗ ಜಾಗ ಅದ,” ಎಂದಳು. ದೊಡ್ಡಪ್ಪ ಕೂತ. ಅಂದಿನಿಂದ ಆತ ನಮ್ಮ ಅಣ್ಣ.

ಈ ಸುದ್ದಿಯನ್ನು ಫೋನಿನಲ್ಲಿ ಹೇಳುವ ಮನಸ್ಸಾಗದೆ ನಾನು ಮರುದಿನದ ಬಸ್ಸಿಗೆ ನಾರಾಯಣಖೇಡಕ್ಕೆ ಹೋದೆ. ಉಮಾಕಾಂತ ಪೂರ್ತಿ ಕೇಳಿದ. ಅಳಲಿಲ್ಲ. ಎದ್ದು ಹೋಗಿ ಕಪಾಟಿನ ಮೇಲಿಂದ ಬಟ್ಟೆ ಸುತ್ತಿದ್ದ ಒಂದು ಗಂಟು ತಂದು ನನ್ನ ಮುಂದೆ ಬಿಚ್ಚಿದ. ಒಳಗೆ ಮೊಳಕ್ಕಿಂತ ಗಿಡ್ಡದೊಂದು ಲಾರಿ. ಎಣ್ಣೆ ಡಬ್ಬಿಯ ತಗಡಿನಿಂದ ಕತ್ತರಿಸಿ ಮಾಡಿದ ಮೈ, ಹವಾಯಿ ಚಪ್ಪಲಿಯ ಅಟ್ಟೆಯಿಂದ ಕೊರೆದ ಗಾಲಿ, ಹಿಂದಿನ ಹಲಗೆಗೆ ಕೊಂಡಿ ಕೂಡ ಇತ್ತು. ಇಂಥ ಪುಟ್ಟ ಗಾಡಿ ಮಾಡುವ ಹುಚ್ಚು ಅವನಿಗೆ ಹರೆಯದಿಂದಲೂ ಇದೆ. ಟ್ರ್ಯಾಕ್ಟರು, ಬಸ್ಸು, ಕಬ್ಬಿನ ಗಾಡಿ ಎಷ್ಟೋ ಮಾಡಿದ್ದಾನೆ. ಇದು ತುಳಸಿರಾಮಣ್ಣನ ಲಾರಿ. ಆ ಲಾರಿ ಇನ್ನೂ ಓಡುತ್ತಿದ್ದಾಗಲೇ ಟೇಪು ಹಿಡಿದು ಅಳೆದು ಮಾಡಿದ್ದು. ಆದರೆ ಅದಕ್ಕೆ ತಳಕ್ಕೆ ಹಚ್ಚುವ ಅಸ್ತರಿನ ಬೂದು ಬಣ್ಣ ಬಿಟ್ಟರೆ ಮತ್ತೇನೂ ಹಚ್ಚಿರಲಿಲ್ಲ. ಅಷ್ಟರಲ್ಲಿ ಅವನಿಗೆ ನಾರಾಯಣಖೇಡಕ್ಕೆ ವರ್ಗ ಆಯಿತು, ಲಾರಿ ಗುಜರಿಗೆ ಹೋಯಿತು, ಸಂಸಾರ, ಶಾಲೆ, ಹೀಗೇ ಉಳಿದುಬಿಟ್ಟಿತು.

“ಅಣ್ಣನ ಕಣ್ಣ ಇರೂದ್ರಾಗ ಇದನ್ನ ಅವ್ನ ಕೈಯಾಗ ಇಡಬೇಕು ಅಕ್ಕಾ,” ಎಂದ.

ಆ ಲಾರಿಯ ಬಣ್ಣ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಅಣ್ಣ ಅಲ್ಲಿ ಇಲ್ಲಿ ಉಳಿದ ನೀಲಿ, ಹಸಿರು, ಬಿಳಿ ತಂದು ತಾನೇ ಒಂದು ಬಕೆಟಿನಲ್ಲಿ ಕಲಸಿ ಬಳಿದದ್ದು. ನವಿಲಿನ ಕತ್ತಿಗೆ ಹಾಲು ಸುರಿದರೆ ಹೇಗಿದ್ದೀತೋ ಹಾಗೆ. ಗಣಿಯ ಜನ ಎಷ್ಟೋ ದೂರದಿಂದ ನೋಡಿ, ತುಳಸಿರಾಮ ಬಂದ ಎನ್ನುತ್ತಿದ್ದರು. ಉಳಿದ ಒಂದೇ ಫೋಟೊ ಕಪ್ಪು ಬಿಳುಪಿನದು. ಆದರೆ ಅಳತೆ ತೆಗೆದ ದಿನಗಳಲ್ಲೇ ಉಮಾಕಾಂತ ಲಾರಿಯ ಪಕ್ಕ ಕೂತು, ಅಣ್ಣ ಹೂಂ ಎನ್ನುವ ತನಕ ತನ್ನ ಸಣ್ಣ ಡಬ್ಬಿಗಳ ಬಣ್ಣ ಬೆರೆಸಿ, ಅದೇ ಬಣ್ಣ ಮಾಡಿ ಒಂದು ಡಬ್ಬಿಯಲ್ಲಿ ತುಂಬಿ ಇಟ್ಟಿದ್ದ.

ಆ ಡಬ್ಬಿಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆವು. ಹೈದರಾಬಾದಿನಿಂದ ತಂದ, ಬೊಗಸೆಯಲ್ಲಿ ನಾಲ್ಕಾರು ಹಿಡಿಯುವಂಥ ತಗಡಿನ ಡಬ್ಬಿಗಳು. ತಗಡಿನ ಚಾವಣಿಯ ಕೆಳಗೆ ವರ್ಷವರ್ಷದ ಬೇಸಿಗೆ ಕುಡಿದು ಕೂತಿದ್ದವು. ಮುಚ್ಚಳಗಳು ಬೆಸುಗೆ ಹಾಕಿದಂತೆ ಹಿಡಿದಿದ್ದವು. ಉಮಾಕಾಂತ ಒಂದಕ್ಕೆ ಸ್ಕ್ರೂಡ್ರೈವರ್ ತುರುಕಿ ಮೀಟಿದ, ಮುಚ್ಚಳ ಸೊಟ್ಟಗಾಯಿತು. ಎರಡನೆಯದರಲ್ಲಿ ಬಣ್ಣ ಕಲ್ಲಾಗಿತ್ತು. ಮೂರನೆಯದನ್ನು ತೆಗೆಯದೆ ಕೈಬಿಟ್ಟು, ಎಲ್ಲ ಸತ್ತುಹೋಗಿವೆ ಎಂದ.

ಎಲ್ಲ ನೋಡದೆ ಎಲ್ಲ ಅನ್ನಬೇಡ ಎಂದೆ. ನನಗೆ ಬಣ್ಣ ಗೊತ್ತಿಲ್ಲ, ಡಬ್ಬಿ ಗೊತ್ತು. ತಮ್ಮನ ಹೆಂಡತಿ ಬಸವೇಶ್ವರಿ ನೀರು ಕಾಯಿಸಿದಳು. ಇದು ಬೆಂಕಿ ಹತ್ತುವ ಸಾಮಾನು, ಒಲೆಯ ಹತ್ತಿರ ತರಬೇಡಿ ಎಂದು ತಮ್ಮ ಹೇಳಿದ್ದಕ್ಕೆ, ಬಿಸಿನೀರನ್ನು ಅಂಗಳಕ್ಕೆ ತಂದು ಅಗಲವಾದ ಪರಾತದಲ್ಲಿ ಹುಯ್ದು ಡಬ್ಬಿಗಳನ್ನು ಕುತ್ತಿಗೆ ತನಕ ನಿಲ್ಲಿಸಿದೆವು. ನೀರು ತಣ್ಣಗಾಗುವ ಹೊತ್ತಿಗೆ ಚಮಚದ ಹಿಡಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಬಂದರೆ ಮುಚ್ಚಳ ತಾನೇ ಬಿಡುತ್ತಿತ್ತು.

ಒಳಗಿನ ವಿದ್ಯೆಯನ್ನು ತಮ್ಮ ನನಗೆ ತೋರಿಸಿಕೊಟ್ಟ. ಮೇಲೆ ಕಟ್ಟಿದ ಪೊರೆಯನ್ನು ಒಡೆದು ಕಲಸಬಾರದು. ಕಲಸಿದರೆ ಆ ಚೂರುಗಳು ಎಂದೂ ಕರಗುವುದಿಲ್ಲ. ಬ್ಲೇಡಿನಿಂದ ಅಂಚು ಬಿಡಿಸಿ ಹಾಲಿನ ಕೆನೆಯಂತೆ ಇಡಿಯಾಗಿ ಎತ್ತಬೇಕು. ಕೆಳಗೆ ಎಣ್ಣೆ ತೇಲುತ್ತಿದ್ದು, ತಳದ ಗಟ್ಟಿಯಲ್ಲಿ ಬೆಂಕಿಕಡ್ಡಿ ಇಳಿದರೆ ಬಣ್ಣಕ್ಕೆ ಜೀವ ಇದೆ. ರಬ್ಬರಿನಂತೆ ಕಡ್ಡಿಯನ್ನು ತಿರುಗಿ ತಳ್ಳಿದರೆ ಹೋಯಿತು, ಅದರ ಮೇಲೆ ಥಿನ್ನರ್ ಹಾಳುಮಾಡಬಾರದು. ಜೀವ ಇದ್ದುದಕ್ಕೆ ಥಿನ್ನರನ್ನು ಹನಿಹನಿಯಾಗಿ ಬಿಟ್ಟು, ಮುಚ್ಚಿ, ಬಿಡಬೇಕು. ಮಾರನೆಯ ದಿನ ಮತ್ತೆ ಕಲಸಿ ನೋಡಬೇಕು. ಇದೆಲ್ಲ ಅವನಿಗೆ ಗೊತ್ತಿತ್ತು, ಆದರೆ ಅಣ್ಣನ ಕಣ್ಣಿನ ಚಿಂತೆಯಲ್ಲಿ ಕೈಗೆ ತಾಳ್ಮೆ ಇರಲಿಲ್ಲ. ಒಂದು ಹಸಿರಿಗೆ ಧಾರೆ ಹುಯ್ದು ಅಂಬಲಿ ಮಾಡಿದ. ಆಮೇಲೆ ಹನಿ ಬಿಡುವ ಕೆಲಸ ನನಗೆ ಬಂತು.

ಕಲಸಲು ಡಬ್ಬಿಯೊಳಗೆ ಗುಂಡು ಹಾಕಿ ಅಲ್ಲಾಡಿಸಿದರೆ ಒಳ್ಳೆಯದು ಎಂದ. ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನನ್ನ ಮಗ ಬಸವಕಿರಣನಿಗೆ ಫೋನ್ ಮಾಡಿದೆ. ಅವನು ಹಳೆಯ ಬೇರಿಂಗಿನ ಸಣ್ಣ ಗುಂಡುಗಳನ್ನು ತೊಳೆದು, ಪೊಟ್ಟಣ ಕಟ್ಟಿ ಬಸ್ಸಿನ ಡ್ರೈವರ ಕೈಯಲ್ಲಿ ಕಳಿಸಿದ. ಬಸವೇಶ್ವರಿ ತನ್ನ ಹಳೆಯ ನೈಲಾನ್ ಸೀರೆ ಹರಿದುಕೊಟ್ಟಳು, ಅದರಲ್ಲಿ ಸೋಸಿದೆವು. ಸೀರೆಯ ತುಂಡಿನ ಮೇಲೆ ಉಳಿದ ಕೆಂಪು, ಹಳದಿ ಗಸಿ ನೋಡಿ ಆಕೆ ನಕ್ಕು, ತನ್ನ ಮದುವೆಯ ಸೀರೆ ಕೂಡ ಇಷ್ಟು ಬಣ್ಣ ಕಂಡಿರಲಿಲ್ಲ ಎಂದಳು.

ಇಡುವ ಕ್ರಮದಲ್ಲಿ ಮಾತ್ರ ನನ್ನ ಮಾತು ನಡೆಯಿತು. ಉಪ್ಪಿನಕಾಯಿ ಭರಣಿಯ ಬಾಯಿಗೆ ರಸ ಹತ್ತಿದರೆ ಮುಚ್ಚಳ ಕೂರುವುದಿಲ್ಲ, ಗಾಳಿ ಹೋಗುತ್ತದೆ. ಇದಕ್ಕೂ ಹಾಗೇ. ಪ್ರತಿ ಡಬ್ಬಿಯ ಬಾಯಿಯ ಅಂಚನ್ನು ಬಟ್ಟೆಯಿಂದ ಒರೆಸಿ ಒಣ ಮಾಡಿ ಮುಚ್ಚಿದೆ. ಅರ್ಧರ್ಧ ಇದ್ದ ಒಂದೇ ಬಣ್ಣದ ಡಬ್ಬಿಗಳನ್ನು ಒಂದಕ್ಕೆ ತುಂಬಿದೆವು. ಡಬ್ಬಿಯಲ್ಲಿ ಖಾಲಿ ಜಾಗ ಕಮ್ಮಿಯಾದಷ್ಟೂ ಪೊರೆ ಕಮ್ಮಿ. ಮುಚ್ಚಳದ ಮೇಲೆ ಒಳಗಿನ ಬಣ್ಣದ್ದೇ ಒಂದು ಬೊಟ್ಟು. ಅಟ್ಟ ಬಿಡಿಸಿ, ಒಳಮನೆಯ ತಂಪು ಗೂಡಿನಲ್ಲಿ ಸಾಲಾಗಿ ಬೋರಲು ಇಟ್ಟೆವು. ಬೋರಲಿಟ್ಟರೆ ಪೊರೆ ತಳಕ್ಕೆ ಕಟ್ಟುತ್ತದೆ, ತೆಗೆದಾಗ ಬಾಯಿಯ ಕಡೆ ಬಣ್ಣ ಹಸಿಯಾಗಿರುತ್ತದೆ ಎಂದು ಉಮಾಕಾಂತ ಹೇಳಿದ. ಸತ್ತವು ಸತ್ತವು, ಆದರೆ ಬದುಕಿದವು ಹೆಚ್ಚು. ನನಗೆ ಆ ಗೂಡನ್ನು ನೋಡಿ ಸಂತೋಷವಾಗುತ್ತಿತ್ತು.

ಆದರೆ ಬೇಕಾಗಿದ್ದ ಡಬ್ಬಿಯೇ ಇರಲಿಲ್ಲ. ಪೆಟ್ಟಿಗೆ ಬರಿದಾದ ಮೇಲೆ ಉಮಾಕಾಂತ ಅದನ್ನು ತಲೆಕೆಳಗು ಮಾಡಿ ಬಡಿದ. ತುಕ್ಕು ಉದುರಿತು.

ಬಾಗಿಲ ಬಳಿ ನಿಂತಿದ್ದ ಬಸವೇಶ್ವರಿಯ ಮುಖ ಬಿಳಿಚಿಕೊಂಡಿತ್ತು. ಮೆಲ್ಲಗೆ ಹೇಳಿದಳು. ಕಾರಹುಣ್ಣಿಮೆಯ ಹಿಂದಿನ ದಿನ ಸಂಗು ಬಂದಿದ್ದ. ಸಂಗು ನಮ್ಮ ದೊಡ್ಡಣ್ಣನ ಮಗ, ನಾಗಲಗಿದ್ದದ ಹತ್ತಿರ ನಮ್ಮ ತವರೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ಊರಿನಲ್ಲಿ ಈಗ ಎಲ್ಲರೂ ಟ್ರ್ಯಾಕ್ಟರಿನವರೇ, ಅವನು ಮಾತ್ರ ಒಂದು ಜೋಡಿ ಎತ್ತು ಬಿಟ್ಟಿಲ್ಲ. ಸಂತೆ ಮಾಡಿ, ಎತ್ತಿಗೆ ಗೊಂಡೆ, ಹಗ್ಗ, ಗೆಜ್ಜೆ ಎಲ್ಲ ಕೊಂಡು, ಕೊಂಬಿನ ಬಣ್ಣ ಮರೆತು ಬಂದಿದ್ದ. ಕಾಕಿ, ಮನೆಯಲ್ಲಿ ಏನಾದರೂ ಬಣ್ಣ ಇದೆಯಾ ಎಂದು ಕೇಳಿದ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಕೇಳಿದವರಿಗೆ ಇಲ್ಲ ಎನ್ನಬಾರದು ಎಂಬುದು ನಮ್ಮ ಮನೆತನದ ಕಟ್ಟು. ಉಮಾಕಾಂತ ಊರಲ್ಲಿರಲಿಲ್ಲ. ಆಕೆ ಪೆಟ್ಟಿಗೆ ತೆರೆದು, ಅಲ್ಲಾಡಿಸಿದಾಗ ಬುಳುಬುಳು ಎಂದ ಒಂದೇ ಡಬ್ಬಿಯನ್ನು ಆರಿಸಿ ಕೊಟ್ಟಿದ್ದಳು. ಅದನ್ನು ಉಮಾಕಾಂತ ಚೆನ್ನಾಗಿ ತುಂಬಿ ಬಿಗಿಯಾಗಿ ಮುಚ್ಚಿದ್ದ, ಅದಕ್ಕೇ ಅದು ಒಣಗಿರಲಿಲ್ಲ.

ಸಂಗುಗೆ ಫೋನ್ ಹಚ್ಚಿದೆವು. ಡಬ್ಬಿ ಅಂದೇ ಮುಗಿದಿತ್ತು, ತಿಪ್ಪೆಗೆ ಹೋಗಿತ್ತು.

ಉಮಾಕಾಂತ ಲಾರಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಬಸವೇಶ್ವರಿಗೆ ಅದು ಬೈಗುಳಕ್ಕಿಂತ ಹೆಚ್ಚಾಯಿತು. ನೀಲಿ ಇದೆ, ಹಸಿರು ಇದೆ, ಬಿಳಿ ಇದೆ, ಹತ್ತಿರ ಹತ್ತಿರ ಬರುವಂತೆ ಕಲಸಿ ಹಚ್ಚಿಬಿಡಿ, ಅಣ್ಣನಿಗೆ ಅಷ್ಟು ಸೂಕ್ಷ್ಮವಾಗಿ ಎಲ್ಲಿ ಕಾಣುತ್ತದೆ ಎಂದಳು.

ಉಮಾಕಾಂತ ಸುತ್ತುವುದನ್ನು ನಿಲ್ಲಿಸಿದ. “ಅವ್ನ ಕಣ್ಣ ಮಂಜಾಗ್ಯಾವಂತ ನಾ ಸುಳ್ಳ ಬಣ್ಣ ಹಚ್ಚಿ ಕೊಡ್ಲೇನು? ಹಂಗ ಮಾಡೂದಕ್ಕಿಂತ ಬರೇ ಕೈಲೆ ಹೋಗೂದು ಛಲೋ.”

ಆಕೆ ಸೆರಗು ಬಾಯಿಗೆ ಹಿಡಿದಳು. ನನಗೆ ಇಬ್ಬರ ಮೇಲೂ ಮರುಕ ಬಂತು. ಆಕೆ ಕೊಟ್ಟದ್ದು ತಪ್ಪು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನಾನಿದ್ದರೂ ಕೊಡುತ್ತಿದ್ದೆ. ಸುಮ್ಮನೆ ಕೂತು ಯೋಚನೆ ಮಾಡುತ್ತಿರುವಾಗ ಒಂದು ಮಾತು ಹೊಳೆಯಿತು. ಬಣ್ಣ ಡಬ್ಬಿಯಲ್ಲಿ ಮುಗಿದಿದೆ, ಸರಿ. ಆದರೆ ಅದು ಹೋದದ್ದು ಎಲ್ಲಿಗೆ? ಮತ್ತೆ ಸಂಗುಗೆ ಫೋನ್ ಮಾಡಿ, ಎತ್ತಿನ ಕೊಂಬಿನ ಮೇಲೆ ಬಣ್ಣ ಇನ್ನೂ ಇದೆಯೇನೋ ಎಂದು ಕೇಳಿದೆ.

“ಎತ್ತೂ ಅದ, ಕೊಂಬೂ ಅದ ಅತ್ತಿ,” ಎಂದು ಅವನು ನಕ್ಕ. “ಬಣ್ಣ ನೀವೇ ಬಂದು ನೋಡ್ರಿ. ನೀರಿನ ಬಾನಿಗೆ ತಿಕ್ಕಿ ತಿಕ್ಕಿ ಅರ್ಧ ಉಂಡದ ಮಗಂದು.”

ದಸರೆ ಕಳೆದು ಬಿಸಿಲು ಹದವಾಗಿತ್ತು. ಬದುಕಿದ ಡಬ್ಬಿಗಳಲ್ಲಿ ಬೇಕಾದವನ್ನು ಬುಟ್ಟಿಯಲ್ಲಿ ನಿಲ್ಲಿಸಿಕೊಂಡು ಮೂವರೂ ಆಟೋ ಮಾಡಿಕೊಂಡು ಹೋದೆವು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಬಸವೇಶ್ವರಿ ಬುಟ್ಟಿಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡಿದ್ದಳು.

ಸಂಗು ಕೆಂದ ಎಂಬ ಎತ್ತನ್ನು ಬೇವಿನ ಗಿಡಕ್ಕೆ ಕಟ್ಟಿದ್ದ. ಕೊಂಬು ನೋಡಿ ಉಮಾಕಾಂತನ ಮೋರೆ ಇಳಿಯಿತು. ತುದಿಯಿಂದ ನಡುವಿನ ತನಕ ಬಣ್ಣ ಉಜ್ಜಿ ಹೋಗಿತ್ತು, ಉಳಿದದ್ದು ಬಿಸಿಲಿಗೆ ಬೆಳ್ಳಗಾಗಿ, ಮಣ್ಣು ಕೂತು, ಯಾವ ಬಣ್ಣ ಎಂದು ಹೇಳುವಂತಿರಲಿಲ್ಲ. ಇದು ನಾನು ಕಲಸಿದ ಬಣ್ಣವೇ ಅಲ್ಲ ಎಂದ.

ನಾನು ಹತ್ತಿರ ಹೋದೆ. ಕೆಂದ ನನ್ನ ಸೆರಗು ಮೂಸಿದ. ಕೊಂಬಿನ ಬುಡಕ್ಕೆ ಕಟ್ಟಿದ್ದ ಹುಣ್ಣಿಮೆಯ ಗೊಂಡೆಯ ದಾರ ಇನ್ನೂ ಇತ್ತು, ಕೆಂಪು ಹೋಗಿ ಕಂದಾಗಿತ್ತು. ಮನೆಯ ಸುಣ್ಣ ಎಷ್ಟೇ ಹಳೆಯದಾದರೂ ಪಟ ತೆಗೆದ ಜಾಗದಲ್ಲಿ ಹೊಸದಾಗಿರುತ್ತದಲ್ಲ. ಸಂಗುಗೆ ಹೇಳಿ ಆ ದಾರ ಬಿಚ್ಚಿಸಿದೆ. ಕೆಳಗೆ ಬೆರಳಗಲದ ಒಂದು ಪಟ್ಟಿ. ನವಿಲಿನ ಕತ್ತಿಗೆ ಹಾಲು ಸುರಿದ ಬಣ್ಣ. ಬಿಸಿಲು ಕಂಡಿಲ್ಲ, ಮಳೆ ಕಂಡಿಲ್ಲ, ಮೊನ್ನೆ ಹಚ್ಚಿದಂತಿತ್ತು.

ಉಮಾಕಾಂತ ಎತ್ತಿನ ಹಣೆಯ ಮೇಲೆ ಕೈ ಇಟ್ಟು ನಿಂತುಬಿಟ್ಟ.

ಆಮೇಲೆ ಕೆಲಸ ಶುರುವಾಯಿತು. ತಗಡಿನ ಚೂರಿನ ಮೇಲೆ ನೀಲಿ, ಅದಕ್ಕೆ ಬಿಳಿ, ಕಡ್ಡಿಯ ತುದಿಯಷ್ಟು ಹಸಿರು. ಕಲಸುವುದು, ಕೊಂಬಿನ ಪಕ್ಕ ಹಿಡಿಯುವುದು. ಹಸಿ ಇದ್ದಾಗ ಸರಿ ಕಂಡದ್ದು ಒಣಗಿದ ಮೇಲೆ ಕಪ್ಪಾಗುತ್ತಿತ್ತು. ಆದ್ದರಿಂದ ಪ್ರತಿ ಸಲ ಬೊಟ್ಟು ಹಚ್ಚಿ, ಒಣಗುವ ತನಕ ಕಾಯಬೇಕು. ಕಾಯುವುದರಲ್ಲಿ ನನಗೆ ಏನೂ ತೊಂದರೆ ಇಲ್ಲ. ಎತ್ತಿಗೆ ಇತ್ತು. ಥಿನ್ನರಿನ ವಾಸನೆಗೆ ಸೀನಿ, ತಲೆ ಒಗೆದು, ಉಮಾಕಾಂತನ ಕೈಯ ಕುಂಚವನ್ನು ಅವನ ಹಣೆಗೇ ಒತ್ತಿತು.

“ಕಾಕಾ, ಈ ವರ್ಷ ನಿಮಗೂ ಕಾರಹುಣ್ಣಿಮಿ ಆತು ನೋಡ್ರಿ,” ಎಂದ ಸಂಗು. “ಇನ್ನ ಒಂದ್ ಗೊಂಡೇ ಕಟ್ಟಿದ್ರ ಎತ್ತಿನ ಜೋಡಿ ಕರಿ ಹರಿಯಾಕ ಓಡಸಬಹುದು.”

ಬಹಳ ದಿನದ ಮೇಲೆ ನನ್ನ ತಮ್ಮ ಬಾಯಿ ತುಂಬ ನಕ್ಕ. ಬಸವೇಶ್ವರಿಯೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಸೆರಗಿನಿಂದ ಅವನ ಹಣೆ ಒರೆಸಲು ಹೋಗಿ ಬಣ್ಣವನ್ನು ಕಿವಿಯ ತನಕ ಹರಡಿದಳು.

ಮಧ್ಯಾಹ್ನ ಉಂಡು ಬಂದು ಮತ್ತೆ ಕೂತೆವು. ಏನೋ ಒಂದು ಕಮ್ಮಿ ಬೀಳುತ್ತಲೇ ಇತ್ತು. ಬಣ್ಣ ಸರಿ, ಆದರೆ ಬಹಳ ಶುಚಿಯಾಗಿತ್ತು. ಸಂಗು ಅಂದ, ಅಣ್ಣ ಕಲಸಿದ್ದು ಬಕೆಟಿನಲ್ಲಿ ಅಂತೀರಿ, ಆ ಬಕೆಟಿನಲ್ಲಿ ಮೊದಲು ಏನಿತ್ತೋ ಯಾರಿಗೆ ಗೊತ್ತು. ಉಮಾಕಾಂತ ಅವನನ್ನು ದಿಟ್ಟಿಸಿ ನೋಡಿ, ಕಂದು ಬಣ್ಣದ ಡಬ್ಬಿ ತೆಗೆಸಿ, ಸೂಜಿಯ ಮೊನೆಯಷ್ಟು ಬೆರೆಸಿದ. ಒಣಗಿದ ಮೇಲೆ ಕೊಂಬಿನ ಪಕ್ಕ ಹಿಡಿದರೆ ತಗಡು ಎಲ್ಲಿ ಮುಗಿಯಿತು, ಕೊಂಬು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಅಷ್ಟೇ ಪಾಲಿನಲ್ಲಿ ಒಂದು ಡಬ್ಬಿ ತುಂಬ ಕಲಸಿದೆವು. ಹೊರಡುವ ಮುಂಚೆ ನಾನು ಕೆಂದನಿಗೆ ಹಿಡಿ ಬೆಲ್ಲ ತಿನ್ನಿಸಿ, ಎರಡೂ ಕೈಯಿಂದ ಅವನ ಗಂಗೆದೊಗಲು ಸವರಿದೆ. ಯಾರಿಗೆಲ್ಲ ಕೃತಜ್ಞರಾಗಿರಬೇಕಾಗುತ್ತದೆ ಈ ಬಾಳಿನಲ್ಲಿ, ಲೆಕ್ಕ ಹತ್ತುವುದಿಲ್ಲ.

ಉಮಾಕಾಂತ ಲಾರಿಗೆ ತೆಳ್ಳಗೆ ಒಂದು ಸಲ, ಒಣಗಿಸಿ ಇನ್ನೊಂದು ಸಲ ಬಣ್ಣ ಕೊಟ್ಟ. ಧೂಳು ಕೂರದಂತೆ ಮೇಲೆ ಬುಟ್ಟಿ ಕವಿಚಿದೆವು. ಆಮೇಲೆ ಹಿಂದಿನ ಹಲಗೆಗೆ ಕೆಂಪು ಪಟ್ಟೆ, ಮುಂದಿನ ಗ್ರಿಲ್ಲಿಗೆ ಬೆಳ್ಳಿ ಬಣ್ಣ.

ಅದನ್ನು ರಟ್ಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ನಾನೂ ಉಮಾಕಾಂತನೂ ತಾಂಡೂರಿಗೆ ಹೋದೆವು. ಬಸ್ಸಿನ ಕುಲುಕಾಟಕ್ಕೆ ಎಲ್ಲಿಯಾದರೂ ಬಣ್ಣ ಕೆತ್ತಿಹೋದರೆ ತಿದ್ದಲು ಇರಲಿ ಎಂದು ಉಮಾಕಾಂತ ಕೆಲವು ಡಬ್ಬಿ, ಒಂದು ಕುಂಚ ಚೀಲದಲ್ಲಿ ಹಾಕಿಕೊಂಡಿದ್ದ. ನಡುಹಗಲಿಗೆ ಮುಟ್ಟುವಂತೆ ಹೊರಟಿದ್ದೆವು.

ಶಾಮಲಾ ಬಿಸಿಲು ಚೆನ್ನಾಗಿ ಬೀಳುವ ಕಡೆ ಅಂಗಳದಲ್ಲಿ ಕುರ್ಚಿ ಹಾಕಿ ಗಂಡನನ್ನು ಕೂರಿಸಿದ್ದಳು. ಅಣ್ಣ ತೆಳ್ಳಗಾಗಿದ್ದ. ನಮ್ಮ ದನಿ ಬಂದ ಕಡೆ ಮುಖ ತಿರುಗಿಸಿ, ಮಾಸ್ತರ ಬಂದ್ರೇನು, ಅಕ್ಕೋರು ಬಂದ್ರೇನು ಎಂದು ಕೈ ಚಾಚಿದ. ಉಮಾಕಾಂತ ಆ ಕೈಗಳಲ್ಲಿ ಲಾರಿ ಇಟ್ಟ.

ಅಣ್ಣ ಮೊದಲು ಹೆಬ್ಬೆರಳಿನಿಂದ ಬಾನೆಟ್ಟು ಸವರಿದ. ಆಮೇಲೆ ಎಡಗಣ್ಣಿನ ಹತ್ತಿರ ತಂದು, ಬಿಸಿಲಿಗೆ ಒಡ್ಡಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಸರಿಸುತ್ತಾ ನೋಡಿದ. ನಾನು ಉಮಾಕಾಂತನ ಕಡೆ ನೋಡಲಿಲ್ಲ.

“ಇದು ನಾ ಕಲಸಿದ ಬಣ್ಣ,” ಎಂದ ಅಣ್ಣ. “ಶಾಮಲಾ, ಇಲ್ಲಿ ಬಾ. ನೀ ಮದಿವ್ಯಾಗಿ ಬಂದ ಗಾಡಿ ನೋಡು. ಅದೇ ಅದ. ಅದರಂಥದಲ್ಲ, ಅದೇ.”

ಶಾಮಲಾ ಬಂದು ನೋಡಿ, ಹೌದು, ಅವತ್ತು ಇದರಲ್ಲಿ ಕೂತು ಸೀರೆಯ ತುಂಬ ಬಂಡೆಯ ಧೂಳಾಗಿತ್ತು ಎಂದಳು. ಅಣ್ಣ ನಕ್ಕ. ಮತ್ತೆ ಲಾರಿಯನ್ನು ಕಣ್ಣಿಗೆ ಹಿಡಿದ. ಈ ಸಲ ಎಡಬದಿಯ ಬಾಗಿಲ ಹತ್ತಿರ ಬಂದು ನಿಂತುಬಿಟ್ಟ.

“ಖರೇ ಹೇಳ್ಲೇನ್ರಿ ಮಾಸ್ತರ? ಸಿಟ್ಟಾಗಬ್ಯಾಡ್ರಿ. ಈ ಬಾಗ್ಲ ತಪ್ಪದ.”

ಉಮಾಕಾಂತ ಬೆಚ್ಚಿದ. ತಾನು ಟೇಪು ಹಿಡಿದು ಅಳೆದದ್ದು ಎಂದ. ಅಳತೆಯಲ್ಲ, ಬಣ್ಣ ಎಂದು ಅಣ್ಣ ಬಿಡಿಸಿ ಹೇಳಿದ. ನೀವು ಅಳೆಯಲು ಬಂದಾಗ ಎಲ್ಲ ಒಂದೇ ಬಣ್ಣ ಇತ್ತು, ನಿಜ. ಆದರೆ ನೀವು ರಸ್ತೆಯಲ್ಲಿ ಬಿದ್ದಿದ್ದಿರಲ್ಲ, ಅವತ್ತು ಹಾಗಿರಲಿಲ್ಲ. ಅದಕ್ಕೂ ಕೆಲವು ದಿನ ಮುಂಚೆ ಗಣಿಯಲ್ಲಿ ಬಂಡೆ ಉರುಳಿ ಆ ಬಾಗಿಲು ಮುರಿದಿತ್ತು. ಗುಜರಿಯಿಂದ ಬೇರೆ ಗಾಡಿಯ ಹಳದಿ ಬಾಗಿಲು ತಂದು ಹಾಕಿದ್ದೆ, ಅದಕ್ಕೆ ಬಣ್ಣ ಕೊಡಲು ಪುರಸೊತ್ತಾಗಿರಲಿಲ್ಲ. ಅದರ ಹಿಡಿ ಬೇರೆ ಹಿಡಿದುಕೊಂಡಿತ್ತು. ನಿಮ್ಮನ್ನು ಎತ್ತಿಕೊಂಡು ಬಂದರೆ ತೆರೆಯುವುದಿಲ್ಲ. ಕಾಲಿನಿಂದ ಒದ್ದು ತೆಗೆದೆ. “ನೀವು ಒಳಗ ಹೋಗಿದ್ದು ಹಳದಿ ಬಾಗ್ಲದಾಗಿಂದ್ರಿ ಮಾಸ್ತರ. ನಿಮಗೆಲ್ಲಿ ಗೊತ್ತಿರ್ತದ, ನಿಮಗ ಮೈಮ್ಯಾಲ ಖಬರೇ ಇದ್ದಿಲ್ಲ.”

ಇಷ್ಟು ವರ್ಷ ಆ ದಿನದ ಕಥೆಯನ್ನು ಉಮಾಕಾಂತ ನಮ್ಮ ಬಾಯಿಂದಲೇ ಕೇಳಿದವನು. ಆ ಬಾಗಿಲನ್ನು ನಾವು ಯಾರೂ ನೋಡಿರಲಿಲ್ಲ. ನೋಡಿದವನ ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುತ್ತಿತ್ತು, ಆದರೂ ಅದು ಅವನಲ್ಲಿ ಬಣ್ಣ ಸಮೇತ ಉಳಿದಿತ್ತು.

ಚೀಲದಲ್ಲಿ ಹಳದಿ ಇದೆಯಾ ಎಂದು ನಾನು ಮೆಲ್ಲಗೆ ಕೇಳಿದೆ. ಇತ್ತು. ಉಮಾಕಾಂತ ಡಬ್ಬಿ ತೆರೆದು, ಕುಂಚ ಅದ್ದಿ, ಬಾಗಿಲಿಗೆ ಒಯ್ಯುವವನು ತಡೆದು ನಿಂತ. ಕುಂಚವನ್ನು ತಿರುಗಿಸಿ ಹಿಡಿಯನ್ನು ಅಣ್ಣನ ಬೆರಳುಗಳ ನಡುವೆ ಇಟ್ಟ.

“ನೀನೇ ಹಚ್ಚು ಅಣ್ಣಾ. ನೀ ನೋಡೀದಿ.”

ಶಾಮಲಾ ನನ್ನ ಪಕ್ಕ ಬಂದು, ಗೋಡೆಗೆ ಸುಣ್ಣ ಬಳಿಯಿರಿ ಎಂದರೆ ಎಂದೂ ಏಳದವರು ಇವರು ಎಂದು ಪಿಸುಗುಟ್ಟಿದಳು. ಹೇಳುತ್ತಾ ನನ್ನ ಕೈ ಹಿಡಿದುಕೊಂಡಳು. ಬಿಡಲಿಲ್ಲ.

ಅಣ್ಣ ಲಾರಿಯನ್ನು ತೊಡೆಯ ಮೇಲೆ ನಿಲ್ಲಿಸಿ, ಮೂಗು ತಾಗುವಷ್ಟು ಬಗ್ಗಿ, ಉಸಿರು ಹಿಡಿದು ಬಳಿದ. ಉಮಾಕಾಂತ ನೆಲದ ಮೇಲೆ ಕೂತು ಗಾಲಿ ಅಲ್ಲಾಡದಂತೆ ಹಿಡಿದುಕೊಂಡ. ಕರಣಕೋಟದ ಕಡೆಯಿಂದ ಬಂದ ಸಿಮೆಂಟ್ ಲಾರಿಯೊಂದು ಬೀದಿಯಲ್ಲಿ ಹಾದು ಹೋಯಿತು, ನೆಲ ನಡುಗಿತು, ಕುಂಚ ಜಾರಿ ಬಾಗಿಲ ಅಂಚು ದಾಟಿತು.

“ಹೊರಗ ಹೋತೇನ್ರಿ ಮಾಸ್ತರ?”

“ಜರಾ ಹೋಗ್ಯಾದ ಅಣ್ಣಾ. ಒರೆಸ್ಲೇನು?”

ಅಣ್ಣ ಕುಂಚ ಎತ್ತಿ, ಬಿಸಿಲಿಗೆ ಹಿಡಿದು, ತನ್ನ ಕಣ್ಣಿನ ಕೊಳವೆಯಲ್ಲಿ ಆ ಹಳದಿಯನ್ನು ಹುಡುಕಿ ನೋಡಿದ.

“ಬ್ಯಾಡ, ಇರ್ಲಿ ಬಿಡ್ರಿ,” ಎಂದ. “ಅವತ್ತೂ ಆ ಬಾಗ್ಲ ಸರಿಯಾಗಿ ಕುಂದರ್ತಿದ್ದಿಲ್ಲ.”